ರುದ್ರಾಂಬಕ್ಕನ ಗಾಡಿ

ನಮ್ಮೂರಲ್ಲಿ ಬುಧವಾರ ಎಲ್ಲದರ ಭಾರವೂ ಅರ್ಧಕ್ಕಿಳಿಯುತ್ತದೆ. ಸೂರ್ಯ ಹುಟ್ಟುವಾಗ ಶುರುವಾಗಿದ್ದು ಮುಳುಗುವಾಗ ಮುಗಿಯುತ್ತದೆ. ಊರ ಗಡಿಕಲ್ಲು ದಾಟಿದರೆ ಅದೂ ಇಲ್ಲ. ಬೀರು ಮಂಚ ಸರಿಸುವವರು ಬುಧವಾರಕ್ಕೆ ಕಾಯುತ್ತಾರೆ. ಮಂಡಿನೋವಿನ ಅಜ್ಜಿಯರು ಅವತ್ತು ಸೆರಗು ಬಿಗಿದು ಗುಡ್ಡ ಹತ್ತಿ ಬರುತ್ತಾರೆ. ತಟ್ಟೆ ತಕ್ಕಡಿ ಇಟ್ಟುಕೊಂಡವರು ಎಂದಿನಂತೆ ವ್ಯಾಪಾರ ಮಾಡುತ್ತಾರೆ, ಸ್ಪ್ರಿಂಗ್ ತಕ್ಕಡಿಯವರು ಅಂಗಡಿ ತೆಗೆಯುವುದಿಲ್ಲ. ಹೊರಗಿನಿಂದ ಸೊಸೆಯರಾಗಿ ಬಂದವರು ಮೊದಲ ಬುಧವಾರ ಕೊಡ ಎತ್ತಲು ಹೋಗಿ ಮುಖದ ಮೇಲೆ ನೀರು ಚೆಲ್ಲಿಕೊಳ್ಳುತ್ತಾರೆ. ಎರಡನೇ ಬುಧವಾರದ ಹೊತ್ತಿಗೆ ಅವರಿಗೂ ರೂಢಿಯಾಗಿರುತ್ತದೆ.

ನನ್ನ ಹೆಸರು ಮೌನೇಶ. ನಮ್ಮಪ್ಪ ಎತ್ತಿನ ಗಾಡಿಗೆ ಚಕ್ರ ಮಾಡುತ್ತಿದ್ದ ಆಚಾರಿ. ನಾನು ಮೋಟಾರು ಗಾಡಿಗಳ ಮುಂಭಾಗ ರಿಪೇರಿ ಮಾಡುತ್ತೇನೆ. ಇಂಜಿನ್ ನನ್ನ ಕೆಲಸವಲ್ಲ. ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಇರುವ ಸ್ಪ್ರಿಂಗು, ಕುಲುಕು ತಡೆಯುವ ಶಾಕು, ಬುಷ್ಷು, ಬಾಲ್ ಜಾಯಿಂಟು ಇವಿಷ್ಟೇ ನನ್ನ ಲೋಕ. ರಸ್ತೆಯ ಪೆಟ್ಟು ಕೂತವರ ಮೈಗೆ ತಾಗದ ಹಾಗೆ ನೋಡಿಕೊಳ್ಳುವ ಕಸುಬು. ಈ ಕಸುಬಿಗೆ ಬುಧವಾರ ಒಳ್ಳೆಯ ದಿನ, ಜಾಕ್ ಹಾಕುವುದು, ಚಕ್ರ ಬಿಚ್ಚುವುದು ಒಬ್ಬನಿಂದಲೇ ಆಗುತ್ತದೆ. ಆದರೆ ಬಿಚ್ಚಿದ್ದನ್ನು ಪರೀಕ್ಷೆ ಮಾಡಲು ಗುರುವಾರದವರೆಗೆ ಕಾಯಬೇಕು. ಇದು ನಮ್ಮಲ್ಲಿ ಮೊದಲ ಪಾಠ. ಭಾರ ಅರ್ಧವಾದಾಗ ಸವೆದ ಕೀಲೂ ಗಟ್ಟಿಯಾಗಿಯೇ ಕಾಣುತ್ತದೆ.

ಆರು ವರ್ಷದ ಹಿಂದಿನ ಒಂದು ಬುಧವಾರ ರುದ್ರಾಂಬಕ್ಕ ತನ್ನ ಪಿಕಪ್ ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದಳು. ಆಗ ಅವಳಿಗೆ ಐವತ್ತು. ಊರಿನ ಕುಂಬಾರರ ಮಡಕೆಗಳನ್ನು ಗಡಿಯಾಚೆಯ ಸಂತೆಗಳಿಗೆ ಸಾಗಿಸುತ್ತಿದ್ದವಳು ಅವಳು. ಹುಲ್ಲು ಹಾಸಿ ಜೋಡಿಸಿದ ನೂರೈವತ್ತು ಮಡಕೆಗಳಲ್ಲಿ ಒಂದೂ ಬಿರುಕು ಬಿಡದ ಹಾಗೆ ಓಡಿಸುತ್ತಿದ್ದಳು. ಅವಳ ಗಂಡ ನಿಜಗುಣಪ್ಪನವರು ಮಡಕೆ ಮಾಡುವವರು, ಮಾತು ಕಡಿಮೆ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಹಾಗಾಗಿ ಅವರು ನನಗೆ ಭಾವ.

"ಎಡಗಡೆ ಚಕ್ರ ಕಟ್ ಕಟ್ ಅಂತೈತೆ ಕಣೋ, ಒಂಚೂರು ನೋಡು," ಅಂದಳು.

ಜಾಕ್ ಹಾಕಿ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಬಾಲ್ ಜಾಯಿಂಟ್ ಎಂದರೆ ಚಕ್ರವನ್ನು ಗಾಡಿಯ ತೋಳಿಗೆ ಹಿಡಿದಿಡುವ ಗುಂಡಿನಾಕಾರದ ಕೀಲು. ಅದು ಅಲುಗಲಿಲ್ಲ. ಗಾಡಿಯನ್ನು ಮರುದಿನದವರೆಗೆ ಬಿಟ್ಟುಹೋಗು ಎಂದು ನಾನು ಹೇಳಬೇಕಿತ್ತು. ಆದರೆ ಬುಧವಾರ ಮಧ್ಯಾಹ್ನ ಕೆರೆಯ ಏರಿಯ ಕೆಳಗೆ ಜಿಗಿತದ ಪಂದ್ಯ ನಡೆಯುತ್ತಿತ್ತು. ನಲವತ್ತೆರಡು ವರ್ಷದ ನಾನು ಆ ವರ್ಷ ಮೂರು ಸಲ ಗೆದ್ದಿದ್ದೆ. ಹೊತ್ತಾಗುತ್ತಿತ್ತು.

"ಗಟ್ಟಿ ಐತಕ್ಕ. ಹೋಗು," ಅಂದೆ.

ಅವತ್ತು ಹತ್ತೊಂಬತ್ತು ಅಡಿ ಜಿಗಿದೆ. ಒಂಬತ್ತನೇ ದಿನ, ಶುಕ್ರವಾರ, ಗಡಿಯಾಚೆಯ ಇಳಿಜಾರಿನಲ್ಲಿ ಆ ಕೀಲು ಕಳಚಿತು. ಎಡಚಕ್ರ ಒಳಕ್ಕೆ ಮಡಚಿಕೊಂಡು ಗಾಡಿ ಮಗುಚಿ, ರುದ್ರಾಂಬಕ್ಕನ ಬೆನ್ನೆಲುಬು ಮುರಿಯಿತು.

ಊರಿನವರು ಗಾಡಿ ಹಳೆಯದಾಗಿತ್ತು ಎಂದರು. ನಾನೂ ಹೌದೆಂದೆ. ಆಮೇಲೆ ಕೆರೆಯ ಕಡೆ ಹೋಗಲಿಲ್ಲ. ಪ್ರತಿ ಬುಧವಾರ ಅಕ್ಕನ ಮನೆಗೆ ಹೋಗತೊಡಗಿದೆ. ಅವತ್ತು ಅವಳಿಗೆ ನೋವು ಕಡಿಮೆ ಇರುತ್ತಿತ್ತು. ಭಾವ ಅವಳನ್ನು ಜಗಲಿಗೆ ತಂದು ಕೂರಿಸುತ್ತಿದ್ದರು. ಕಂಬ ಹಿಡಿದುಕೊಂಡು ನಾಲ್ಕು ಹೆಜ್ಜೆ ಇಡುತ್ತಿದ್ದಳು, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದಳು, ನನ್ನ ಕೂದಲು ಬೆಳ್ಳಗಾಗಿದ್ದನ್ನು ಹಾಸ್ಯ ಮಾಡುತ್ತಿದ್ದಳು. ಸಂಜೆ ನಾನು ಮನೆಗೆ ಬರುವಾಗ, ಪರವಾಗಿಲ್ಲ, ಚೆನ್ನಾಗಿದ್ದಾಳೆ ಎಂದುಕೊಳ್ಳುತ್ತಿದ್ದೆ. ಹೀಗೆ ಆರು ವರ್ಷ ಕಳೆದೆ.

ಈ ವರ್ಷ ಮಾಘದಲ್ಲಿ ಒಂದು ಗುರುವಾರ ಭಾವ ಶೆಡ್ಡಿಗೆ ಬಂದರು. ಕೈಯಲ್ಲಿ ಇನ್ನೂ ಮಣ್ಣು ಮೆತ್ತಿಕೊಂಡಿತ್ತು.

"ಗಾಡಿ ರೆಡಿ ಮಾಡ್ಬೇಕಂತೆ ಮೌನೇಶ. ಅವಳ ತಂಗಿ ಊರಿಗೆ ಹೋಗ್ತೀವಿ. ಅಲ್ಲೇ ಇರಾದು ಇನ್ಮೇಲೆ."

"ಯಾವ ಗಾಡಿ ಭಾವ?"

"ಇನ್ಯಾವ್ದೈತೆ? ಅವಳ್ದೇ. ನೀನೇ ಮಾಡ್ಬೇಕಂತೆ, ಬೇರೆಯವ್ರು ಮುಟ್ಟಬಾರ್ದಂತೆ."

ಆ ಪಿಕಪ್ ಆರು ವರ್ಷದಿಂದ ಅವರ ಹಿತ್ತಲಿನ ಬೇವಿನ ಮರದ ಕೆಳಗೆ ಎಡಕ್ಕೆ ಕುಸಿದು ಕೂತಿತ್ತು. ಭಾವನ ಮಾತು ನನಗೆ ನಂಬಿಕೆಯಾಗಲಿಲ್ಲ. ಗಡಿ ದಾಟಿದರೆ ಬುಧವಾರ ಎಲ್ಲಿದೆ? ವಾರಕ್ಕೊಂದು ದಿನ ಸಿಗುವ ಸುಖವನ್ನೂ ಬಿಟ್ಟು ಯಾರಾದರೂ ಹೋಗುತ್ತಾರೆಯೇ? ಅವಳನ್ನೇ ಕೇಳಬೇಕೆಂದು ಭಾವನ ಹಿಂದೆಯೇ ನಡೆದೆ.

ಅವರ ಮನೆಯ ಹೊಸ್ತಿಲು ದಾಟಿದ ಮೇಲೆ ನನಗೆ ಹೊಳೆಯಿತು. ಈ ಆರು ವರ್ಷದಲ್ಲಿ ನಾನು ಈ ಮನೆಗೆ ಬುಧವಾರ ಬಿಟ್ಟು ಬೇರೆ ದಿನ ಬಂದೇ ಇರಲಿಲ್ಲ.

ನಡುಮನೆಯ ಮಂಚದ ಮೇಲೆ ಅವಳು ಒಂದು ಮಗ್ಗುಲಾಗಿ ಮಲಗಿದ್ದಳು. ಬೆನ್ನಿಗೆ ಒತ್ತಾಗಿ ಮಡಚಿದ ಕಂಬಳಿ. ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಅಲ್ಲಿ ಹಳೆಯ ಗಾಯದ ಗುರುತಿತ್ತು. ಬುಧವಾರ ಅದು ನನಗೆ ಕಂಡಿರಲಿಲ್ಲ. ಕಣ್ಣು ಮಾತ್ರ ಅವಳದೇ.

"ಇವತ್ತು ಬುಧವಾರ ಅಲ್ವಲ್ಲೋ," ಅಂದಳು.

"ಭಾವ ಬಂದಿದ್ರು. ಅದಕ್ಕೇ ಬಂದೆ."

"ಕೂತ್ಕೋ. ಹಂಗೆ ನೋಡ್ಬೇಡ, ಕೂತ್ಕೋ."

ನೆಲದ ಮೇಲೆ ಕೂತೆ. ಅವಳು ಉಸಿರು ತೆಗೆದುಕೊಳ್ಳಲು ನಡುನಡುವೆ ನಿಲ್ಲಿಸುತ್ತ ಹೇಳಿದಳು. "ವಾರಕ್ಕೊಂದಿನ ನಾನು ವಾಸಿಯಾಗ್ತೀನಿ ಮೌನೇಶ. ಕೂತ್ಕೋತೀನಿ, ನಗ್ತೀನಿ. ಹೊತ್ತು ಮುಳುಗ್ತಿದ್ದಂಗೆ ಮತ್ತೆ ಮೊದಲಿನಂಗೆ ಬೀಳ್ತೀನಿ. ಆರು ವರ್ಷದಲ್ಲಿ ಮುನ್ನೂರು ಸಲ ಬಿದ್ದಿದೀನಿ. ಈ ಮೈಗೆ ತನ್ ಭಾರ ಎಷ್ಟು ಅನ್ನಾದೇ ಗೊತ್ತಿಲ್ಲದಂಗಾಗೈತೆ. ನನ್ ತಂಗಿ ಗೌರಾಂಬನ ಊರಲ್ಲಿ ಏಳು ದಿನಾನೂ ಒಂದೇ ಭಾರ. ನೋವು ಇರ್ತೈತೆ, ಇರ್ಲಿ. ದಿನಾ ಒಂದೇ ತರದ್ದು ಇದ್ರೆ ಅದ್ರ ಜೊತೆ ಏಗಬೋದು. ಅಲ್ಲಿ ಕೈಕಾಲು ಆಡ್ಸಿ ಕಲಿಸೋ ಡಾಕ್ಟ್ರಮ್ಮನೂ ಅದನ್ನೇ ಅಂದ್ರಂತೆ."

"ಹೋಗಾದಾದ್ರೆ ಯಾವ್ದಾದ್ರೂ ಒಳ್ಳೇ ಕಾರು ನೋಡಣ ಅಕ್ಕ. ಆ ಪಿಕಪ್ ಯಾಕೆ?"

"ಅಲ್ಲಿಗೆ ಹೋದ್ಮೇಲೆ ಓಡಿಸಾಕೆ ನಂಗೆ ಗಾಡಿ ಬೇಡ್ವಾ?"

ನಾನು ಭಾವನ ಮುಖ ನೋಡಿದೆ. ಅವರು ಅವಳ ಕಾಲಿನ ಮೇಲೆ ಹೊದಿಕೆ ಸರಿಪಡಿಸುತ್ತಿದ್ದರು, ತಲೆ ಎತ್ತಲಿಲ್ಲ.

ಮುಂದಿನ ಬುಧವಾರ ಆರು ಜನ ಸೇರಿ ಗಾಡಿಯನ್ನು ಎಳೆದು ನನ್ನ ಶೆಡ್ಡಿಗೆ ತಂದರು. ಬಾನೆಟ್ಟಿನೊಳಗೆ ಅಳಿಲು ಗೂಡು ಕಟ್ಟಿತ್ತು. ಇಂಜಿನ್ ಕೆಲಸದ ಇಲಿಯಾಸಣ್ಣ ತನ್ನ ಭಾಗ ನಾಲ್ಕು ದಿನದಲ್ಲಿ ಮುಗಿಸಿಕೊಟ್ಟ. ನನ್ನದು ಇಪ್ಪತ್ತು ದಿನ ಹಿಡಿಯಿತು. ಬೋಲ್ಟುಗಳು ತುಕ್ಕು ಹಿಡಿದು ಕಬ್ಬಿಣದೊಂದಿಗೆ ಒಂದಾಗಿದ್ದವು. ದಿನವೂ ಬೆಳಿಗ್ಗೆ ಎಣ್ಣೆ ಬಿಟ್ಟು, ಮಧ್ಯಾಹ್ನ ಬೆಂಕಿಯಲ್ಲಿ ಕಾಯಿಸಿ, ಒಂದೊಂದನ್ನೇ ಬಿಡಿಸಿದೆ. ಸ್ಪ್ರಿಂಗನ್ನು ಅದುಮಿ ಹೊರತೆಗೆಯುವಾಗ ಬುಧವಾರವಾದರೂ ಜೋಪಾನ ಬೇಕು, ಅದರ ಸಿಟ್ಟು ಯಾವ ದಿನವೂ ಅರ್ಧವಾಗುವುದಿಲ್ಲ. ಸರಪಳಿ ಬಿಗಿದು, ಎದೆ ದೂರವಿಟ್ಟುಕೊಂಡು ಎರಡನ್ನೂ ತೆಗೆದೆ. ಬಲಗಡೆಯ ತೋಳು ಸರಿಯಿತ್ತು. ಎಡಗಡೆಯದು ಬಾಗಿಹೋಗಿತ್ತು. ಅದಕ್ಕೆ ಬೇರೊಂದು ಹಳೆಯ ಗಾಡಿಯ ತೋಳು ಹುಡುಕಿ ತಂದೆ.

ಎಡಗಡೆಯ ಬಾಲ್ ಜಾಯಿಂಟು ಎರಡು ತುಂಡಾಗಿ ಅಲ್ಲೇ ಇತ್ತು. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿದೆ. ಗುಂಡು ಒಂದು ಪಕ್ಕ ಚಪ್ಪಟೆಯಾಗುವಷ್ಟು ಸವೆದಿತ್ತು. ಒಂಬತ್ತು ದಿನದಲ್ಲಿ ಆಗುವ ಸವೆತವಲ್ಲ ಅದು. ನಾನು ಚಕ್ರ ಅಲ್ಲಾಡಿಸಿ ಗಟ್ಟಿ ಐತೆ ಎಂದ ದಿನವೂ ಅದು ಹಾಗೆಯೇ ಇತ್ತು. ನನಗೆ ಇದು ಗೊತ್ತಿರದ ವಿಷಯವೇನಲ್ಲ. ಆದರೂ ಕೈಯಲ್ಲಿ ಹಿಡಿದು ನೋಡಿದಾಗ ಟೈರಿನ ಮೇಲೆ ಕೂತುಬಿಟ್ಟೆ.

ಬುಧವಾರ ಹೇಳುವುದು ಸುಲಭವಿತ್ತು. ಅವಳು ಜಗಲಿಯಲ್ಲಿ ಕೂತು ನಗುತ್ತಿರುತ್ತಾಳೆ, ಹೇಳಿದ್ದನ್ನು ನಗುತ್ತಲೇ ಕೇಳಿಸಿಕೊಳ್ಳಬಹುದು. ಹಾಗಾಗಬಾರದೆನಿಸಿ ಶುಕ್ರವಾರ ಹೋದೆ. ಮಂಚದ ಪಕ್ಕ ಕೂತು, ಬಟ್ಟೆಯಲ್ಲಿ ಸುತ್ತಿದ್ದ ತುಂಡುಗಳನ್ನು ಅವಳ ಕೈಯ ಹತ್ತಿರ ಇಟ್ಟೆ.

"ಅವತ್ತು ನಾನು ಸರಿಯಾಗಿ ನೋಡಿರ್ಲಿಲ್ಲ ಅಕ್ಕ. ಗುರುವಾರದ ತನಕ ಗಾಡಿ ಇಟ್ಕೋಬೇಕಿತ್ತು. ಕೆರೆ ಹತ್ರ ಹೋಗಾದಿತ್ತು, ಅದಕ್ಕೇ ಗಟ್ಟಿ ಐತೆ ಅಂದ್ಬಿಟ್ಟೆ."

ಅವಳು ಗುಂಡಿನ ತುಂಡನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿದಳು. ಚಪ್ಪಟೆಯಾದ ಜಾಗದಲ್ಲಿ ಬೆರಳು ನಿಂತಿತು. ಒಲೆಯ ಮುಂದಿದ್ದ ಭಾವ ಅಂಬಲಿ ತಿರುವುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.

"ಬುಧವಾರ ನೋಡಿದ್ದು ಅಂತ ನಂಗೆ ಗೊತ್ತಿಲ್ವಾ?" ಅಂದಳು ಕೊನೆಗೆ. "ಗಾಡಿ ತಂದೋಳು ನಾನೇ ಅಲ್ವಾ? ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡ್ದೋಳು. ಬಿದ್ದ ವಾರದ ಸೋಮವಾರದಿಂದ್ಲೇ ಎಡಕ್ಕೆ ಎಳೀತಿತ್ತು. ನಿನ್ ಹತ್ರ ವಾಪಸ್ ಬರ್ಬೇಕಿತ್ತು. ಸಂತೆ ತಪ್ಪೋಗ್ತೈತೆ ಅಂತ ಬರ್ಲಿಲ್ಲ."

ನಾನು ತಲೆ ಎತ್ತಿದೆ. ಅವಳು ಅದನ್ನು ನೋಡಿ, "ಹಂಗಂತ ನಿಂದೇನೂ ತಪ್ಪಿಲ್ಲ ಅಂತ ತಿಳ್ಕೋಬೇಡ," ಅಂದಳು. "ನಿಂದೈತೆ. ನಂಗೆ ಸಿಟ್ಟೂ ಇತ್ತು. ಮೊದಲನೇ ವರ್ಷ ನೀನು ಜಗಲಿಗೆ ಬಂದು ಕೂತಾಗೆಲ್ಲ, ಇವತ್ತಾದ್ರೂ ಬಾಯಿಬಿಡ್ತಾನಾ ಅಂತ ನೋಡ್ತಿದ್ದೆ. ಆಮೇಲೆ ನೋಡಾದು ಬಿಟ್ಟೆ. ನೀನು ಬರಾದೇ ಸಾಕು ಅನ್ನಿಸ್ತು."

ಭಾವ ಬಂದು ನನ್ನ ಮುಂದೆ ರಾಗಿ ಅಂಬಲಿಯ ಲೋಟ ಇಟ್ಟರು. ಇಟ್ಟ ಮೇಲೆ ಅವರ ಕೈ ಒಂದು ಗಳಿಗೆ ನನ್ನ ಭುಜದ ಮೇಲಿತ್ತು. ಅಂಬಲಿ ಮೆತ್ತಿದ ಕೈ, ಅಂಗಿಗೆ ಅಂಟಿತು. ಅಂಬಲಿ ಕುಡಿದು ಎದ್ದೆ.

ಹೊರಡುವಾಗ ಅವಳು ಕರೆದಳು. "ಬುಷ್ಷು ಹೊಸಾವು ಹಾಕ್ತೀಯಲ್ಲ, ಬುಧವಾರ ಬಿಗಿ ಮಾಡ್ಬೇಡ."

"ಗೊತ್ತಕ್ಕ."

"ಗೊತ್ತಿರಾದು ಬೇರೆ, ಮಾಡಾದು ಬೇರೆ," ಅಂದಳು, ಈಗ ಸ್ವಲ್ಪ ನಕ್ಕು.

ಬುಷ್ ಎಂದರೆ ತೋಳುಗಳ ಬುಡದಲ್ಲಿ ಕೂರುವ ರಬ್ಬರ್ ಬಿಲ್ಲೆ. ಗಾಡಿ ತನ್ನ ಪೂರ್ತಿ ಭಾರದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ ಅದರ ಬೋಲ್ಟು ಬಿಗಿಯಬೇಕು. ಹಗುರವಾಗಿರುವಾಗ ಬಿಗಿದರೆ ರಬ್ಬರು ತಿರುಚಿಕೊಂಡು ತಿಂಗಳೊಳಗೆ ಹರಿಯುತ್ತದೆ. ಎಲ್ಲ ಜೋಡಿಸಿ, ಗ್ರೀಸು ತುಂಬಿ, ಗುರುವಾರದ ನಡುಮಧ್ಯಾಹ್ನ ಗಾಡಿಯ ಕೆಳಗೆ ಮಲಗಿ ಎಂಟೂ ಬೋಲ್ಟು ಬಿಗಿದೆ. ಶುಕ್ರವಾರ ಇನ್ನೊಮ್ಮೆ ನೋಡಿದೆ. ಶನಿವಾರ ಮತ್ತೊಮ್ಮೆ.

ಭಾನುವಾರ ಪಕ್ಕದ ಸೀಟಿನ ಮೇಲೆ ಅಂಚಿನವರೆಗೆ ನೀರು ತುಂಬಿದ ಪಾತ್ರೆ ಇಟ್ಟುಕೊಂಡು ಗಡಿಕಲ್ಲಿನವರೆಗೆ ಓಡಿಸಿದೆ. ಮುಂಭಾಗದಿಂದ ಒಂದು ಸದ್ದಿಲ್ಲ, ಸ್ಟೀರಿಂಗ್ ಬೆಣ್ಣೆಯ ಹಾಗೆ ತಿರುಗಿತು. ಆದರೆ ಗುಂಡಿ ಬಂದಲ್ಲೆಲ್ಲ ಗಾಡಿಯ ಹಿಂಭಾಗ ಎಗರಿ ನೀರು ಚೆಲ್ಲಿತು. ವಾಪಸ್ ಬರುವ ಹೊತ್ತಿಗೆ ಪಾತ್ರೆಯಲ್ಲಿ ಅರ್ಧ ಉಳಿದಿತ್ತು. ಆ ಪೆಟ್ಟು ಅವಳ ಬೆನ್ನಿಗೆ ಬಿದ್ದರೆ ಏನಾದೀತೆಂದು ದಿಗಿಲಾಯಿತು. ಹೋಗಿ ಅವಳಿಗೇ ಹೇಳಿದೆ.

"ಖಾಲಿ ಗಾಡಿ ಎಗರ್ದೆ ಇನ್ನೇನ್ ಮಾಡ್ತೈತೆ?" ಅಂದಳು. "ಹಿಂದುಗಡೆ ಕಮಾನು ಪಟ್ಟಿ ಮಾಡಿರಾದೇ ಭಾರಕ್ಕೆ. ನಾನ್ಯಾವತ್ತು ಖಾಲಿ ಓಡ್ಸಿದೀನಿ? ಮಡಕೆ ತುಂಬಿದ್ರೇನೇ ಅದು ಮೆತ್ತಗೆ ಹೋಗಾದು. ಒಂದೆಂಟು ಹತ್ತು ಮೂಟೆ ಮರಳು ಹಾಕು."

ಮರಳಿನ ಮೂಟೆ ಕೇಳಲು ಕುಂಬಾರಗೇರಿಗೆ ಹೋದೆ. ಯಾಕೆಂದು ಕೇಳಿದ ಹೂ ಮಾರುವ ದಾಕ್ಷಾಯಣಮ್ಮನಿಗೆ ವಿಷಯ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟು, "ಭಾರ ಬೇಕು ಅಂದ್ರೆ ನಾವಿಲ್ವಾ? ಮರಳು ಯಾಕೆ, ನಾವೇ ಕೂತ್ಕೋತೀವಿ," ಅಂದಳು. ನಾನು ತಮಾಷೆ ಅಂದುಕೊಂಡೆ.

ಹೊರಡುವ ದಿನವನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದೆವು. ಬುಧವಾರ ಹೊರಟರೆ ಗಡಿಕಲ್ಲಿನ ಹತ್ತಿರ ಭಾರ ಒಮ್ಮೆಲೇ ಬಂದು ಕೂರುತ್ತದೆ, ಆ ಪೆಟ್ಟು ಬೇಡವೆಂದು ಅವಳೇ ಹೇಳಿದ್ದಳು. ಬೆಳಿಗ್ಗೆ ಎಂಟಕ್ಕೆ ಗಾಡಿಯನ್ನು ಅವರ ಮನೆಯ ಮುಂದೆ ತಂದಾಗ ಹನ್ನೊಂದು ಜನ ನಿಂತಿದ್ದರು. ದಾಕ್ಷಾಯಣಮ್ಮ, ಇಲಿಯಾಸಣ್ಣ, ಅವನ ಹೆಂಡತಿ, ಕುಂಬಾರಗೇರಿಯ ಹೆಂಗಸರು, ಎಲ್ಲರ ಕೈಯಲ್ಲೂ ಬುತ್ತಿ. ಎಲ್ಲರಿಗಿಂತ ದಪ್ಪಗಿದ್ದ ಪೋಸ್ಟ್‌ಮ್ಯಾನ್ ಅಡವೀಶಪ್ಪನವರನ್ನು ಎಲ್ಲಿ ಕೂರಿಸಬೇಕೆಂದು ಹೆಂಗಸರು ಜಗಳವಾಡುತ್ತಿದ್ದರು. ಅವರು ರಜೆ ಹಾಕಿ ಬಂದಿದ್ದರು. "ನನ್ ಮೈ ಒಬ್ರಿಗಾದ್ರೂ ಉಪಯೋಗಕ್ಕೆ ಬಂತಲ್ಲ," ಎನ್ನುತ್ತ ಸರಿಯಾಗಿ ಹಿಂಚಕ್ರದ ಮೇಲೆ ಬರುವಂತೆ ಕೂತರು.

ಭಾವ ಮತ್ತು ನಾನು ಹಲಗೆಯ ಮೇಲೆ ಮಲಗಿಸಿ ರುದ್ರಾಂಬಕ್ಕನನ್ನು ಹೊರತಂದೆವು. ಪಕ್ಕದ ಸೀಟನ್ನು ಹಿಂದಕ್ಕೆ ವಾಲಿಸಿ ಹತ್ತಿಯ ಹಾಸಿಗೆ ಹಾಕಿದ್ದೆ. ಕೂರಿಸುವಾಗ ಅವಳು ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಎರಡು ದಿನ ಇತ್ತು. ಕೂತ ಮೇಲೆ ಹಿಂದೆ ತಿರುಗಲಾಗದೆ, "ಯಾರ್ಯಾರು ಬಂದಿದಾರೆ?" ಅಂದಳು. ಅವರು ಒಬ್ಬೊಬ್ಬರಾಗಿ ಹೆಸರು ಹೇಳಿದರು. ಪ್ರತಿ ಹೆಸರಿಗೂ ಹೂಂ ಅಂದಳು. ಭಾವ ಕಿಟಕಿಯಿಂದ ಕೈ ಹಾಕಿ ಅವಳ ಕಣ್ಣು ಒರೆಸಿ, ತಾವೂ ಹಿಂದೆ ಹತ್ತಿಕೊಂಡರು.

ನಲವತ್ತು ಕಿಲೋಮೀಟರು. ನಾನು ಇಪ್ಪತ್ತರ ಮೇಲೆ ಓಡಿಸಲಿಲ್ಲ. ಗಾಡಿ ತೊಟ್ಟಿಲಿನ ಹಾಗೆ ಹೋಯಿತು. ಹಿಂದಿನವರು ಮೊದಮೊದಲು ಉಸಿರು ಬಿಗಿಹಿಡಿದು ಕೂತಿದ್ದರು, ಆಮೇಲೆ ಮಾತು ಶುರುವಾಯಿತು, ಆಮೇಲೆ ಬುತ್ತಿ ಬಿಚ್ಚಿದ ವಾಸನೆ ಬಂತು. ರುದ್ರಾಂಬಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಎಡಕ್ಕೆ ಇಟ್ಕೋ. ಮುಂದೆ ಮೋರಿ ಐತೆ, ಗೇರ್ ಇಳ್ಸು. ಇನ್ನೂ ಮೊದ್ಲೇ ಇಳಿಸ್ಬೇಕಿತ್ತು." ಇಳಿಜಾರು ಬಂತು. ಅವಳು ಬಿದ್ದ ಜಾಗದಲ್ಲಿ ಈಗ ಲಂಟಾನ ಬೆಳೆದಿದೆ. ನಾನು ಬ್ರೇಕಿನ ಮೇಲೆ ಕಾಲಿಟ್ಟೆ.

"ನಿಲ್ಲಿಸ್ಬೇಡ," ಅಂದಳು. "ನಿಧಾನ ಹೋಗು ಸಾಕು."

ಇಳಿಜಾರು ಮುಗಿದ ಮೇಲೆ ಅವಳು ಕಣ್ಣು ಮುಚ್ಚಿಕೊಂಡಳು. ಗೌರಾಂಬನ ಮನೆ ಬರುವವರೆಗೆ ಒಂದು ಗಂಟೆ ನಿದ್ದೆ ಮಾಡಿದಳು. ಬುಧವಾರವಲ್ಲದ ದಿನ ಹಗಲಲ್ಲಿ ಅವಳು ನಿದ್ದೆ ಮಾಡಿದ್ದನ್ನು ಆರು ವರ್ಷದಲ್ಲಿ ನೋಡಿರಲಿಲ್ಲವೆಂದು ಭಾವ ಆಮೇಲೆ ಹೇಳಿದರು. ಗಾಡಿಯನ್ನು ಅಲ್ಲೇ ಬಿಟ್ಟು ನಾವು ಹನ್ನೆರಡು ಜನ ಸಂಜೆಯ ಬಸ್ಸಿನಲ್ಲಿ ಊರಿಗೆ ಬಂದೆವು. ಬಸ್ಸು ಎಲ್ಲರನ್ನೂ ಎತ್ತಿಹಾಕಿ ಕುಕ್ಕಿತು. ಯಾರೂ ದೂರಲಿಲ್ಲ.

ಅದಾದ ಮೇಲಿನ ಬುಧವಾರಗಳಲ್ಲಿ ನನಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಎರಡು ಸಲ ಅಭ್ಯಾಸಬಲದಿಂದ ಅವರ ಬೀದಿಯವರೆಗೆ ಹೋಗಿ ವಾಪಸ್ ಬಂದೆ. ಸುದ್ದಿ ಕೇಳಲು ಫೋನ್ ಮಾಡಿದರೆ ಭಾವ, "ನಡೀತೈತೆ," ಎಂದಷ್ಟೇ ಹೇಳುತ್ತಿದ್ದರು. ಮೊದಲ ತಿಂಗಳು ತುಂಬ ಕಷ್ಟಪಟ್ಟಳಂತೆ, ವಾಪಸ್ ಹೋಗೋಣ ಎಂದು ಒಂದು ಸಲ ಅತ್ತಳಂತೆ. ಇದನ್ನು ಹೇಳಿದವಳು ಗೌರಾಂಬ. ಎರಡನೇ ತಿಂಗಳ ಬಗ್ಗೆ ಅವಳೂ ಏನೂ ಹೇಳಲಿಲ್ಲ.

ಹೊಸ ಕೀಲುಗಳಿಗೆ ನಾಲ್ಕು ತಿಂಗಳಿಗೊಮ್ಮೆ ಗ್ರೀಸು ತುಂಬಬೇಕು. ಆಷಾಢದ ಒಂದು ಮಂಗಳವಾರ ಗ್ರೀಸ್ ಗನ್ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ನಾನು ಹೋದಾಗ ಗಾಡಿ ಅಂಗಳದಲ್ಲಿತ್ತು, ತೊಳೆದು ಒರೆಸಿದ ಹಾಗಿತ್ತು. ಯಾರನ್ನೂ ಕರೆಯದೆ ಕೆಳಗೆ ನುಸುಳಿ ಕೆಲಸ ಮುಗಿಸಿದೆ. ಹೊರಗೆ ಬಂದಾಗ ಬಾಗಿಲಲ್ಲಿ ರುದ್ರಾಂಬಕ್ಕ ನಿಂತಿದ್ದಳು. ನಾಲ್ಕು ಕಾಲಿನ ಕಬ್ಬಿಣದ ಊರೆ, ವಾಕರ್ ಅನ್ನುತ್ತಾರಲ್ಲ, ಅದನ್ನು ಹಿಡಿದಿದ್ದಳು. ಭಾವ ಅವಳ ಹಿಂದೆ ಎರಡು ಹೆಜ್ಜೆ ದೂರದಲ್ಲಿದ್ದರು, ಕೈ ಚಾಚಿರಲಿಲ್ಲ.

ನಾನು ಎದ್ದು ಹತ್ತಿರ ಹೋಗಲು ನೋಡಿದೆ. "ಅಲ್ಲೇ ಇರು," ಅಂದಳು.

ಊರೆಯನ್ನು ಮುಂದಿಟ್ಟು ಒಂದು ಹೆಜ್ಜೆ, ಮತ್ತೆ ಊರೆ, ಮತ್ತೆ ಹೆಜ್ಜೆ. ಅಂಗಳ ದಾಟಲು ಅವಳಿಗೆ ಎಷ್ಟು ಹೊತ್ತಾಯಿತೋ ನಾನು ನೋಡಲಿಲ್ಲ, ಅವಳ ಪಾದಗಳನ್ನೇ ನೋಡುತ್ತಿದ್ದೆ. ಪಾದಗಳು ಪೂರ್ತಿ ನೆಲಕ್ಕೆ ಒತ್ತಿ ಮೇಲೇಳುತ್ತಿದ್ದವು. ಗಾಡಿಯ ಹತ್ತಿರ ಬಂದು ನಿಂತಾಗ ಹಣೆಯಲ್ಲಿ ಬೆವರು ಹರಿಯುತ್ತಿತ್ತು. ತುಟಿ ಕಚ್ಚಿರಲಿಲ್ಲ.

"ನೋಡಿದ್ಯಾ?"

"ನೋಡ್ದೆ ಅಕ್ಕ. ಎಲ್ಲ ಸರಿ ಐತೆ."

"ನಾನೂ ನೋಡ್ತೀನಿ ತಾಳು," ಅಂದಳು.

ಊರೆಯನ್ನು ಪಕ್ಕಕ್ಕೆ ಸರಿಸಿ, ಎಡಚಕ್ರದ ಮೇಲಿನ ಮಡ್‌ಗಾರ್ಡಿನ ಮೇಲೆ ಎರಡೂ ಅಂಗೈ ಊರಿದಳು. ಹಳೆಯ ಡ್ರೈವರುಗಳು ಹೀಗೆ ನೋಡುತ್ತಾರೆ. ಮೈಭಾರವನ್ನೆಲ್ಲ ಹಾಕಿ ಒಮ್ಮೆ ಅದುಮಿ ಬಿಡಬೇಕು. ಸ್ಪ್ರಿಂಗೂ ಶಾಕೂ ಸರಿಯಿದ್ದರೆ ಗಾಡಿ ಒಂದೇ ಸಲ ಎದ್ದು ಸುಮ್ಮನಾಗುತ್ತದೆ, ಕೆಟ್ಟಿದ್ದರೆ ಕುಲುಕುತ್ತಲೇ ಇರುತ್ತದೆ. ಅವಳು ಉಸಿರು ಎಳೆದುಕೊಂಡು, ಮೊಣಕೈ ನೆಟ್ಟಗೆ ಮಾಡಿ, ತನ್ನ ಪೂರ್ತಿ ಭಾರವನ್ನು ಅದರ ಮೇಲೆ ಹಾಕಿದಳು.

ಗಾಡಿಯ ಮೂತಿ ನಾಲ್ಕು ಬೆರಳು ಕೆಳಗಿಳಿಯಿತು. ಅವಳು ಕೈ ತೆಗೆದಳು. ಅದು ಒಂದೇ ಸಲ ಮೇಲೆದ್ದು ನಿಂತಿತು. ಅವಳೂ ಏನನ್ನೂ ಹಿಡಿಯದೆ ನಿಂತಿದ್ದಳು.